ಗರಡಿ ಮಣ್ಣು ಹೊಳೆಗೆ ಹಾಕಿದ್ದು

ಆಗ ನನಗೆ ಐವತ್ತೆಂಟು. ಅದಾಗಿ ಇಪ್ಪತ್ತೈದು ವರ್ಷವಾಯಿತು. ನಂಜನಗೂಡಿನ ತವರುಮನೆಯ ಹಿತ್ತಿಲಲ್ಲಿದ್ದ ಗರಡಿಯ ಸೂರು ಮಳೆಗೆ ಅರ್ಧ ಕುಸಿದಿದೆ, ಉಳಿದದ್ದನ್ನೂ ಕೆಡವಿ ಎರಡು ಅಂಗಡಿ ಮಳಿಗೆ ಕಟ್ಟಿಸುತ್ತಾರೆ, ಕೆಡವುವ ಮುಂಚೆ ಮನೆಯ ಹೆಣ್ಣುಮಗಳು ಬಂದು ಗೂಡಿನ ಆಂಜನೇಯನಿಗೆ ಕೊನೆಯ ದೀಪ ಹಚ್ಚಬೇಕು ಎಂದು ಅತ್ತಿಗೆ ಫೋನ್ ಮಾಡಿದಳು. ನಮ್ಮೂರು ಬನ್ನೂರಿನ ಪಕ್ಕ. ಊರಿಗೆಲ್ಲ ಒಂದೇ ಫೋನು, ರಸ್ತೆಯ ಎಸ್‌ಟಿಡಿ ಅಂಗಡಿಯಲ್ಲಿ. ಅಂಗಡಿಯವನು ಗದ್ದೆಯ ಬದುವಿಗೆ ಬಂದು ಕೂಗಿದಾಗ ಯಾರೋ ಸತ್ತಿರಬೇಕು ಅಂದುಕೊಂಡು ಕೆಸರುಗಾಲಲ್ಲೇ ಓಡಿದ್ದೆ. ಅತ್ತಿಗೆ ರಾಜಮ್ಮ ಫೋನಿನಲ್ಲೂ ಆಚೆ ಬೀದಿಗೆ ಕೇಳುವ ಹಾಗೆ ಮಾತಾಡುವವಳು.

“ನಂಜಮ್ಮ, ಬಂದೋಗು. ಮನೆ ಮಗಳೇ ಅಚ್ಬೇಕು ಅಂದವ್ರೆ ಅಯ್ನೋರು.”

“ನನ್ನ ಒಳಕ್ಕೆ ಬುಡ್ತೀರಾ? ನಾನ್ ಕಾಲಿಟ್ರೆ ಗರಡಿ ಕೆಡ್ತದಲ್ವಾ?”

“ಅಯ್ಯೋ ತಾಯಿ, ನಿಂಗೆ ಈಗ ನಿಂತೋಗಿರ್ತದಲ್ಲ. ಇನ್ನೇನ್ ಕೆಟ್ಟದು? ಬಾ.”

ಅವಳು ಅದನ್ನು ಚುಚ್ಚಲಿಕ್ಕೆ ಹೇಳಲಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು. ನನ್ನಿಂದಲೇ ಆ ಗರಡಿ ಹಾಳಾಯಿತು ಅನ್ನುವುದು ನನ್ನ ತವರಿನಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಅದು ಸುಳ್ಳು ಅನ್ನುವುದು ನನಗೆ ಗೊತ್ತಿತ್ತು. ನನ್ನ ಅಣ್ಣನಿಗೂ ಗೊತ್ತಿತ್ತು. ಅವನು ಒಂದು ಸಲ, ಒಂದೇ ಸಲ, ನಾಲ್ಕು ಜನರ ಮುಂದೆ ಬಾಯಿ ಬಿಟ್ಟು ಹೇಳಲಿ ಅಂತ ನಲವತ್ತೈದು ವರ್ಷ ಕಾದಿದ್ದೆ. ಗೋಡೆ ಉರುಳಿ ಅಂಗಡಿ ಎದ್ದ ಮೇಲೆ ಹೇಳಿದರೇನು, ಬಿಟ್ಟರೇನು. ಹೇಳಿಸಿಕೊಳ್ಳುವುದಿದ್ದರೆ ಈಗಲೇ. ಅದಕ್ಕೇ ಹೊರಟೆ. ದೀಪದ ಮೇಲಿನ ಭಕ್ತಿಯಿಂದ ಅಲ್ಲ. ನನ್ನ ಗಂಡ ಆಗ ಇದ್ದ. ಕರು ಹಾಕುವ ಹಸು ಇತ್ತು ಅಂತ ಅವನು ಬರಲಿಲ್ಲ. ನನ್ನ ಮುಖ ನೋಡಿಯೇ ಅವನಿಗೆ ತಿಳಿದಿತ್ತು.

“ದೀಪ ಅಚ್ಚು ಅಂದವ್ರೆ, ದೀಪ ಅಚ್ಚಿ ಬಾ. ಬೆಂಕಿ ಅಚ್ಬೇಡ,” ಅಂದ.

ನಮ್ಮ ಮನೆ ಹೇಗಿತ್ತು ಅಂತ ಹೇಳುತ್ತೇನೆ. ಬೀದಿಗೆ ಜಗುಲಿ, ಒಳಗೆ ಉದ್ದನೆಯ ಪಡಸಾಲೆ, ಅದರಾಚೆ ಹೊಗೆ ಹಿಡಿದ ಅಡುಗೆಮನೆ, ಹಿಂದೆ ಹಿತ್ತಿಲು. ಹಿತ್ತಿಲಿನ ಒಂದು ಕಡೆ ಕೊಟ್ಟಿಗೆ, ಅದರ ಎದುರಿಗೆ ಗರಡಿ. ಅಪ್ಪ ಗರಡಿಯ ವಸ್ತಾದಿ, ಅಂದರೆ ಹುಡುಗರಿಗೆ ಕುಸ್ತಿ ಕಲಿಸುವ ಗುರು. ಹೊಳೆಯಾಚೆ ಹೊಲ ಇತ್ತು, ಅದನ್ನು ಆಳುಗಳು ನೋಡಿಕೊಳ್ಳುತ್ತಿದ್ದರು. ಅಪ್ಪನ ಜೀವ ಇದ್ದದ್ದು ಗರಡಿಯಲ್ಲಿ. ಬೆಳಗಾದರೆ ಜಗುಲಿಯ ಮೇಲೆ ಮೂಳೆ ಮುರಿದವರು, ಕೀಲು ತಪ್ಪಿದವರು. ಚಿಕ್ಕಯ್ಯನಛತ್ರದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಪ್ಪ ದುಡ್ಡು ಮುಟ್ಟುತ್ತಿರಲಿಲ್ಲ, ಎಣ್ಣೆಯನ್ನೂ ಬಿದಿರ ದಬ್ಬೆಯನ್ನೂ ಅವರೇ ತರಬೇಕು. ಅಪ್ಪನ ಬೆರಳು ಅಂದರೆ ಸುತ್ತ ಹತ್ತೂರಿಗೆ ಗೊತ್ತು. ಊದಿದ ಜಾಗ ಒತ್ತಿ ನೋಡಿ ಪೆಟ್ಟು ಯಾವತ್ತಿನದು ಅಂತ ಹೇಳಿಬಿಡುತ್ತಿದ್ದ. ಒಬ್ಬ ಬಂದು ಈಗ ತಾನೇ ಗಾಡಿಯಿಂದ ಬಿದ್ದೆ ಅಂದರೆ, ಈಗ ಬಿದ್ದದ್ದಲ್ಲ, ಇದು ಮೊನ್ನೆ ರಾತ್ರಿಯದು, ಹೆಂಡದಂಗಡಿಯಲ್ಲಿ ತಿಂದದ್ದು, ನಿಜ ಹೇಳಿದರೆ ಮಾತ್ರ ಕಟ್ಟುತ್ತೇನೆ ಅನ್ನುತ್ತಿದ್ದ. ಅವನು ತಲೆ ತಗ್ಗಿಸಿ ಹೌದು ಅನ್ನುತ್ತಿದ್ದ. ಸುಳ್ಳು ಹೇಳಿದವನ ಮೂಳೆ ಕೂಡುವುದಿಲ್ಲ ಅನ್ನುವುದು ಅಪ್ಪನ ಮಾತು.

ಮನೆಯಲ್ಲಿ ನಾವು ನಾಲ್ಕೇ ಜನ: ಅಪ್ಪ, ಅವ್ವ, ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಶಿವಣ್ಣ, ನಾನು. ಒಲೆ ಒಂದೇ, ಅಡುಗೆ ಎರಡು. ಅಣ್ಣ ಪೈಲ್ವಾನನಾಗುವವನು. ಅವನಿಗೆ ಬೆಳಿಗ್ಗೆ ಬಾದಾಮಿ ಅರೆದು ಹಾಕಿದ ಹಾಲು, ಮಧ್ಯಾಹ್ನ ತುಪ್ಪದಲ್ಲಿ ಮುಳುಗಿದ ಮುದ್ದೆ, ವಾರಕ್ಕೆರಡು ಸಲ ಕಾಲು ಸೂಪು. ನನಗೂ ಅವ್ವನಿಗೂ ಮುದ್ದೆ, ಸೊಪ್ಪಿನ ಬಸ್ಸಾರು. ಬಾದಾಮಿ ನೆನೆಸಿ, ಸಿಪ್ಪೆ ಬಿಡಿಸಿ, ಒರಳಿನಲ್ಲಿ ಅರೆಯುವುದು ನನ್ನ ಕೆಲಸ. ಅರೆದಾದ ಮೇಲೆ ಒರಳು ತೊಳೆದ ನೀರನ್ನು ನಾನು ಕುಡಿಯುತ್ತಿದ್ದೆ. ಅವ್ವ ನೋಡಿದರೂ ನೋಡದ ಹಾಗೆ ಇರುತ್ತಿದ್ದಳು, ಅಷ್ಟು ಮಾತ್ರ ಅವಳ ಪ್ರೀತಿ. ಅಣ್ಣ ಕೆಟ್ಟವನಲ್ಲ. ಸೂಪಿನಲ್ಲಿ ಬೆಂದ ಮೂಳೆಯನ್ನು ಒಂದೊಂದು ಸಲ ನನ್ನ ತಟ್ಟೆಗೆ ಜಾರಿಸುತ್ತಿದ್ದ. ಆದರೆ ಅಪ್ಪನ ಎದುರಿಗೆ ಅವನಿಗೆ ಬೆನ್ನುಮೂಳೆಯೇ ಇರಲಿಲ್ಲ. ಅಷ್ಟು ಹಾಲು ತುಪ್ಪ ಎಲ್ಲಿಗೆ ಹೋಯಿತೋ.

ಗರಡಿಯ ಬಾಗಿಲು ನನ್ನ ಎದೆಯೆತ್ತರ. ದೊಡ್ಡ ದೊಡ್ಡ ಪೈಲ್ವಾನರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಅದಕ್ಕೇ ಹಾಗೆ ಕಟ್ಟಿದ್ದು. ಮೂರು ಮೆಟ್ಟಿಲು ಇಳಿದರೆ ಕಿಟಕಿಯಿಲ್ಲದ ಕತ್ತಲು, ಗೋಡೆಯ ಗೂಡಿನಲ್ಲಿ ಆಂಜನೇಯ, ಮೂಲೆಯಲ್ಲಿ ಗದೆ, ಕಲ್ಲುಗುಂಡು, ನಡುವೆ ಹತ್ತು ಹನ್ನೆರಡು ಮೊಳ ಅಗಲದ ಮಟ್ಟಿ. ಮಟ್ಟಿ ಅಂದರೆ ಕುಸ್ತಿ ಆಡುವ ಕೆಂಪು ಮಣ್ಣು. ಹೊಲದ ಮಣ್ಣು ಅಂದುಕೊಳ್ಳಬೇಡಿ. ಜರಡಿ ಹಿಡಿದು, ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ ಹಾಕಿ, ವರ್ಷಗಟ್ಟಲೆ ತಿರುವಿ ತಿರುವಿ ಪಳಗಿಸಿದ್ದು. ಜ್ವರ ಬಂದ ಮಕ್ಕಳನ್ನು ಅದರ ಮೇಲೆ ಮಲಗಿಸಿ ಎತ್ತಿಕೊಂಡು ಹೋಗುತ್ತಿದ್ದರು. ದಿನಾ ಮಧ್ಯಾಹ್ನ ಗುದ್ದಲಿಯಿಂದ ಅದನ್ನು ಸಡಿಲ ಮಾಡಿ, ನೀರು ಚಿಮುಕಿಸಿ, ಕೈಯಿಂದ ಸಮ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಮನೆಯಲ್ಲಿ ಮಾಡಿದ ಕೆಲಸಗಳಲ್ಲಿ ನಾನು ಬೈಸಿಕೊಳ್ಳದೆ ಮಾಡಿದ್ದು ಅದೊಂದೇ. ಸಂಜೆಗೆ ಹುಡುಗರು ಬರುವ ತನಕ ಗರಡಿ ನನ್ನದು. ಬೇಸಿಗೆಯಲ್ಲಿ ಹೊರಗೆ ಜಗುಲಿಯ ಕಲ್ಲು ಕಾಲು ಸುಡುತ್ತಿದ್ದರೆ ಒಳಗೆ ಮಟ್ಟಿ ತಣ್ಣಗೆ ಇರುತ್ತಿತ್ತು. ಲಂಗ ಎತ್ತಿ ಕಟ್ಟಿ ಪಲ್ಟಿ ಹೊಡೆಯುತ್ತಿದ್ದೆ. ಸೊಂಟದ ತನಕ ಹೂತುಕೊಂಡು ಕೂರುತ್ತಿದ್ದೆ. ಅಣ್ಣ ಬಂದರೆ ಇಬ್ಬರೂ ಹಿಡಿಯುತ್ತಿದ್ದೆವು. ಅವನ ಎಡಗಾಲು ಮುಂದೆ ಬಂದ ತಕ್ಷಣ ಹಿಮ್ಮಡಿ ಎಳೆಯುವ ಒಂದು ಪಟ್ಟು ನನಗೆ ಬರುತ್ತಿತ್ತು. ಎಷ್ಟೋ ಸಲ ಅವನನ್ನು ಚಿತ್ ಮಾಡಿದ್ದೇನೆ. ಬಿದ್ದವನು ನಗುತ್ತಿದ್ದ. ಯಾರಿಗೂ ಹೇಳಬೇಡ ಅನ್ನುತ್ತಿದ್ದ. ನಾನು ಹೇಳುತ್ತಿರಲಿಲ್ಲ. ಹುಡುಗಿ ದೊಡ್ಡವಳಾಗುವ ತನಕ ಮಾತ್ರ ಗರಡಿಗೆ ಹೋಗಬಹುದು, ಆದ ದಿನದಿಂದ ಹೊಸಿಲು ದಾಟಬಾರದು. ಅದು ಎಲ್ಲ ಗರಡಿಯ ಕಟ್ಟಳೆ. ನನಗೆ ಗೊತ್ತಿತ್ತು. ಆದರೆ ಯಾವತ್ತು ಆಗುತ್ತದೆ ಅಂತ ಯಾರಿಗೆ ಗೊತ್ತಿರುತ್ತದೆ.

ಅಣ್ಣನಿಗೆ ಹದಿನೇಳು ತುಂಬಿದ ವರ್ಷ ಅವನ ಮೊದಲನೆಯ ದೊಡ್ಡ ಕುಸ್ತಿ ಗೊತ್ತಾಯಿತು. ತಿ. ನರಸೀಪುರದಲ್ಲಿ, ಹೊಳೆಯ ಮರಳಿನ ಮೇಲೆ. ಅಲ್ಲಿಯ ವಸ್ತಾದಿಯ ಮಗನೇ ಎದುರಾಳಿ. ಇಬ್ಬರು ವಸ್ತಾದಿಗಳೂ ತಾಂಬೂಲ ಬದಲಾಯಿಸಿ ಜೋಡಿ ಕಟ್ಟಿದ್ದರು. ಜೋಡಿ ಕಟ್ಟಿದ ಮೇಲೆ ಹಿಂದೆ ಸರಿದರೆ ಗರಡಿಯ ಮಾನ ಹೋದ ಹಾಗೆ. ಇನ್ನು ಎಂಟು ದಿನ ಇದೆ ಅನ್ನುವಾಗ, ಅಣ್ಣ ಪಕ್ಕದ ಬೀದಿಯ ಪುಟ್ಟಸ್ವಾಮಿಯ ಜೊತೆ ಪಂಥ ಕಟ್ಟಿ ಹಳೇ ಸೇತುವೆಯ ಮೇಲಿಂದ ಕಪಿಲೆಗೆ ಹಾರಿದ. ನೀರಿನೊಳಗೆ ಕಲ್ಲು ಇತ್ತು. ಸಂಜೆ ಹಿತ್ತಿಲ ಬಾಗಿಲಿನಿಂದ ಕೊಟ್ಟಿಗೆಗೆ ಬಂದು ನನ್ನನ್ನು ಕರೆದ. ಬಲ ತೋಳು ಮಡಕೆಯ ಹಾಗೆ ಊದಿತ್ತು.

“ಅಪ್ಪಂಗೆ ಏಳ್ಬೇಡ ಕಣಮ್ಮಿ. ಚರ್ಮ ಸುಲ್ದಾಕ್ತನೆ.”

“ನಾಳೆ ಸಾಮು ಯೆಂಗ್ ಮಾಡಿಯೆ?”

“ಬೆಳಿಗ್ಗೆ ಒತ್ಗೆ ಇಳ್ಕತದೆ. ಶಾಖ ಕೊಡು.”

ಬಟ್ಟೆಯಲ್ಲಿ ಉಪ್ಪು ಕಟ್ಟಿ, ಹಂಚಿನ ಮೇಲೆ ಕಾಯಿಸಿ, ಶಾಖ ಕೊಟ್ಟೆ. ಇಳಿಯಲಿಲ್ಲ. ಮಾರನೆಯ ದಿನ ಅವನು ತುಂಬುತೋಳಿನ ಅಂಗಿ ಹಾಕಿಕೊಂಡು, ಹೊಟ್ಟೆ ನೋವು ಅಂತ ಹೇಳಿ ಮಧ್ಯಾಹ್ನದ ತನಕ ಅಪ್ಪನ ಕಣ್ಣು ತಪ್ಪಿಸಿದ. ನಾನು ಎಂದಿನಂತೆ ಗರಡಿಗೆ ಹೋಗಿ ಮಟ್ಟಿ ತಿರುವಿದೆ. ಸೊಂಟ ನೋಯುತ್ತಿತ್ತು, ಗುದ್ದಲಿ ಹಿಡಿದದ್ದಕ್ಕೆ ಅಂದುಕೊಂಡೆ. ಮಣ್ಣೂ ಕೆಂಪು, ನನಗೆ ಏನೂ ತಿಳಿಯಲಿಲ್ಲ. ಮಜ್ಜಿಗೆ ಚೊಂಬು ತರಲು ಅಡುಗೆಮನೆಗೆ ಹೋದಾಗ ಅವ್ವ ನನ್ನ ಲಂಗದ ಹಿಂಬದಿ ನೋಡಿ, ಕೈ ಹಿಡಿದು ಎಳೆದುಕೊಂಡು ಬಂದು ಕೊಟ್ಟಿಗೆಯ ಗೋಡೆಗೆ ನಿಲ್ಲಿಸಿದಳು. ಮುಟ್ಟಬೇಡ, ಅಲ್ಲಾಡಬೇಡ ಅಂದಳು. ಅಷ್ಟರಲ್ಲಿ ಗರಡಿಯಲ್ಲಿ ಹುಡುಗರು ಸೇರಿದ್ದರು. ಅಪ್ಪ ಗದರಿಸಿ ಅಣ್ಣನನ್ನೂ ಮಟ್ಟಿಗೆ ಇಳಿಸಿದ್ದ. ಒಳಗಿನ ಕತ್ತಲಲ್ಲಿ, ಮೈಗೆ ಮಣ್ಣು ಬಳಿದುಕೊಂಡ ಮೇಲೆ, ಊದಿದ ತೋಳು ಯಾರ ಕಣ್ಣಿಗೂ ಬಿದ್ದಿರಲಾರದು. ದಿನಾ ಹಿಡಿಯುವಂಥದೇ ಒಂದು ಪಟ್ಟು. ಅಣ್ಣ ಕೂಗಿದ್ದು ಹೊಳೆಯ ತನಕ ಕೇಳಿಸಿರಬೇಕು. ನಾನು ನಿಂತ ಕಡೆಯಿಂದ ಆ ಗಿಡ್ಡ ಬಾಗಿಲಿನೊಳಗೆ ಕಾಣುತ್ತಿತ್ತು: ಅಣ್ಣ ಬಿದ್ದಿದ್ದ, ಅಪ್ಪ ಅವನ ತೋಳಿನ ಮೇಲೆ ಬೆರಳಿಟ್ಟು ಕುಳಿತಿದ್ದ. ಬಹಳ ಹೊತ್ತು ಕುಳಿತಿದ್ದ. ಅವ್ವ ಬಾಗಿಲ ಹತ್ತಿರ ಹೋಗಿ, ಒಳಗೆ ಹೋಗದೆ, ಹುಡುಗಿ ದೊಡ್ಡವಳಾಗಿದ್ದಾಳೆ, ಈಗ ತಾನೇ ಮಟ್ಟಿಯಿಂದ ಎದ್ದು ಬಂದಳು ಅಂದಳು. ಒಳಗೆ ಹುಡುಗರು ಮಟ್ಟಿ ಬಿಟ್ಟು ಗೋಡೆಗೆ ಸರಿದರು. ಅಪ್ಪ ತಲೆ ಎತ್ತಿ ನನ್ನ ಕಡೆ ನೋಡಿದ. ಆಮೇಲೆ ಅಂದ:

“ಮಟ್ಟಿ ಕೆಟ್ಟೋಯ್ತು. ತೆಗೀರಿ.”

ದೇವನೂರಿನಿಂದ ಸೋದರಮಾವ ಬಂದು ಹಿತ್ತಿಲಲ್ಲಿ ಹಸಿರು ಸೊಪ್ಪಿನ ಗುಡಿಸಲು ಕಟ್ಟಿದ. ದೊಡ್ಡವಳಾದ ಹುಡುಗಿಯನ್ನು ಅದರೊಳಗೆ ಕೂರಿಸುವುದು ನಮ್ಮ ಕಡೆಯ ಪದ್ಧತಿ. ಬಾಗಿಲಿಗೆ ಅಡ್ಡ ಒಂದು ಒನಕೆ. ಎಳ್ಳು ಬೆಲ್ಲದ ಚಿಗಳಿ, ತಂಬಿಟ್ಟು, ಕೊಬ್ಬರಿ, ತುಪ್ಪ. ಹುಟ್ಟಿದ್ದಾಗಿನಿಂದ ನನ್ನ ತಟ್ಟೆಗೆ ತುಪ್ಪ ಬಿದ್ದದ್ದು ಆಗಲೇ ಮೊದಲು. ಬೇರೆ ಹುಡುಗಿಯರಿಗೆ ಆ ದಿನಗಳು ಹಬ್ಬ. ನನ್ನ ಗುಡಿಸಲು ಗರಡಿಗೆ ಮುಖ ಮಾಡಿತ್ತು. ಸೊಪ್ಪಿನ ಸಂದಿಯಿಂದ ಮೂರು ದಿನ ನೋಡಿದೆ. ಅಪ್ಪ ತಾನೇ ಗುದ್ದಲಿ ಹಿಡಿದು ಅಗೆದ. ಆಳುಗಳು ಮಂಕರಿಯಲ್ಲಿ ಹೊತ್ತು ತಂದು ಗಾಡಿಗೆ ಸುರಿದರು. ಅಪ್ಪನ ಅಪ್ಪನ ಕಾಲದಿಂದ ಮಜ್ಜಿಗೆ ಕುಡಿದ ಮಣ್ಣು, ಗಾಡಿ ಗಾಡಿ ಹೊಳೆಗೆ ಹೋಯಿತು. ಸಂಜೆ ಆರತಿಗೆ ಬಂದ ಹೆಂಗಸರು ಸೋಬಾನೆ ಹಾಡಿದರು. ಹಿಂದೆ ಗುದ್ದಲಿಯ ಸದ್ದು, ಮುಂದೆ ಸೋಬಾನೆ. ಎರಡೇ ನುಡಿ ಹಾಡಿ, ಎಲೆ ಅಡಿಕೆ ತೆಗೆದುಕೊಂಡು, ನನ್ನ ಮುಖ ನೋಡದೆ ಹೊರಟುಹೋದರು. ಮೂರನೆಯ ದಿನ ಅವ್ವ ಊಟ ತಂದಾಗ ತಡೆಯಲಾಗದೆ ಹೇಳಿದೆ.

“ಅವ್ವ, ಅಣ್ಣನ ತೋಳು ಮೊದ್ಲೇ ಊದಿತ್ತು ಕಣವ್ವ. ಸೇತುವೆ ಮ್ಯಾಲಿಂದ ಆರಿದ್ದ.”

“ಮುಚ್ಚೇ ಬಾಯ. ಅಂವ ಕೈ ಕಳ್ಕಂಡು ಕೂತವ್ನೆ, ನೀನು ಮಾತು ಕಟ್ಟಿಯಾ? ತಿನ್ನು ಚಿಗಳಿಯ.”

ಅಣ್ಣನೇ ಹೇಳುತ್ತಾನೆ ಅಂತ ಕಾದೆ. ಐದನೆಯ ದಿನ ಅವನು ತೋಳಿಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಬಾವಿ ಕಡೆ ಹೋಗುತ್ತಿದ್ದ. ಅಣ್ಣ ಅಂತ ಕರೆದೆ. ನಿಂತ. ದಬ್ಬೆಯ ಕಟ್ಟು ಸರಿಮಾಡಿಕೊಂಡ. ಒಳಗೆ ಹೋದ. ಅಷ್ಟೇ.

ಅಣ್ಣನ ತೋಳು ಕೂಡಿತು, ಸೊಟ್ಟಗೆ ಕೂಡಿತು. ಕುಸ್ತಿ ಮುಗಿಯಿತು. ನರಸೀಪುರದ ವಸ್ತಾದಿ ಮನೆಗೇ ಬಂದು, ಮೈಲಿಗೆ ಆದರೆ ಯಾರೇನು ಮಾಡಲಾಗುತ್ತದೆ, ನಿಮ್ಮದೇನು ತಪ್ಪು ಅಂತ ಅಪ್ಪನ ಕೈ ಹಿಡಿದು ಹೋದ. ಹೊಸ ಮಟ್ಟಿ ಹೊಡೆಸಿದರು. ಆದರೆ ಮೈಲಿಗೆ ಆದ ಗರಡಿ ಅಂತ ತಾಯಂದಿರು ಹುಡುಗರನ್ನು ಕಳಿಸಲಿಲ್ಲ. ಒಂದು ವರ್ಷಕ್ಕೆ ಬೀಗ ಬಿತ್ತು. ನನಗೆ ಹದಿನೈದಕ್ಕೆ ಮದುವೆ ಮಾಡಿ ಬನ್ನೂರು ಕಡೆಗೆ ಕೊಟ್ಟರು. ನಾಲೆ ನೀರು, ಭತ್ತ, ಕಬ್ಬು, ಕೆಲಸಕ್ಕೆ ಕೊನೆ ಇಲ್ಲದ ಊರು. ಒಳ್ಳೆಯದೇ ಆಯಿತು. ಅಲ್ಲಿಗೆ ಬಂದವಳು ಒಂದು ತೀರ್ಮಾನ ಮಾಡಿಕೊಂಡೆ: ಇನ್ನು ಯಾರ ಗುಟ್ಟನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಕಂಡದ್ದನ್ನು ಕಂಡಲ್ಲೇ ಹೇಳುತ್ತೇನೆ. ಅತ್ತೆಗೆ ಹೇಳಿದೆ, ಮೈದುನನಿಗೆ ಹೇಳಿದೆ, ಪಂಚಾಯ್ತಿಯವರಿಗೆ ಹೇಳಿದೆ. ಬಾಯಿಬಡುಕಿ ಅಂತ ಹೆಸರಾಯಿತು. ನನ್ನ ಹತ್ತಿರ ಕೂತು ಕಷ್ಟಸುಖ ಹೇಳಿಕೊಳ್ಳುವ ಗೆಳತಿ ಅಂತ ಒಬ್ಬಳೂ ಆಗಲಿಲ್ಲ. ಹೇಳಿಕೊಂಡದ್ದು ಸಂಜೆಯೊಳಗೆ ಊರಿಗೆ ತಿಳಿಯುತ್ತದೆ ಅಂತ ಅವರಿಗೆ ಗೊತ್ತು. ಅದು ನಿಜವೂ ಹೌದು. ತವರಿಗೆ ಮದುವೆಗೆ ಹೋದೆ, ಸಾವಿಗೆ ಹೋದೆ. ಅಪ್ಪ ಸತ್ತಾಗ ಹೋಗಿ ಎಲ್ಲರಿಗಿಂತ ಹೆಚ್ಚು ಅತ್ತೆ, ಯಾಕೆಂದರೆ ಅಪ್ಪ ಏನೂ ತಿಳಿಯದೆ ನನ್ನನ್ನು ತಪ್ಪುಗಾತಿ ಅಂದುಕೊಂಡೇ ಹೋದನಲ್ಲ ಅಂತ. ಗರಡಿಯ ಹೊಸಿಲು ಮಾತ್ರ ದಾಟಲಿಲ್ಲ. ಅಣ್ಣನ ಹತ್ತಿರ ಊಟ ಆಯ್ತಾ, ಮಳೆ ಆಯ್ತಾ ಅನ್ನುವುದರ ಆಚೆಗೆ ಮಾತಿರಲಿಲ್ಲ.

ನರಸೀಪುರದಲ್ಲಿ ಬಸ್ಸು ಬದಲಾಯಿಸಿ ನಾನು ನಂಜನಗೂಡು ಸೇರಿದಾಗ ಮಧ್ಯಾಹ್ನ ಕಳೆದಿತ್ತು. ಅಣ್ಣ ಪೇಟೆಗೆ ಹೋಗಿದ್ದ. ಅತ್ತಿಗೆ ಟೀವಿಯಲ್ಲಿ ಧಾರಾವಾಹಿ ನೋಡುತ್ತಿದ್ದಳು. ಕಣ್ಣು ಅಲ್ಲಿಂದ ತೆಗೆಯದೆ ಬೀಗದ ಕೈ ಕೊಟ್ಟಳು.

“ದೀಪುದ್ ಒತ್ಗೆ ಅಯ್ನೋರು ಬತ್ತಾರೆ. ಅಷ್ಟರೊಳ್ಗೆ ಗೂಡು ಒರ್ಸಿಬುಡು. ಸೀಮೆಂಟು ಮೂಟೆ ಅವೆ, ಎಡವ್ಬುಟ್ಟೀಯ.”

ನಾನೊಬ್ಬಳೇ ಹೋದೆ. ಬಾಗಿಲು ಈಗಲೂ ಎದೆಯೆತ್ತರ, ನಾನೇ ಕುಗ್ಗಿದ್ದೆ ಅಂತ ಕಾಣುತ್ತದೆ. ಒಳಗೆ ಕತ್ತಲು ಇರಲಿಲ್ಲ. ಸೂರು ಬಿದ್ದ ಕಡೆಯಿಂದ ಬಿಸಿಲು ನೇರ ಬೀಳುತ್ತಿತ್ತು. ಗರಡಿಯೊಳಗೆ ಬಿಸಿಲು ಕಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅದೊಂದೇ ನನಗೆ ಸರಿಬರಲಿಲ್ಲ, ಮಿಕ್ಕಿದ್ದೆಲ್ಲ ಹಾಳುಬಿದ್ದ ಜಾಗ ಹೇಗಿರಬೇಕೋ ಹಾಗೇ ಇತ್ತು. ಗಟ್ಟಿಯಾದ ಸಿಮೆಂಟಿನ ಮೂಟೆಗಳು, ಚಕ್ರವಿಲ್ಲದ ಒಂದು ಲೂನಾ, ಯಾವುದೋ ಎಲೆಕ್ಷನ್ನಿನ ಬಟ್ಟೆ ಬ್ಯಾನರು, ಹೆಗ್ಗಣದ ಬಿಲ. ಮಟ್ಟಿ ಇದ್ದ ಕಡೆ ಆಳೆತ್ತರದ ಬೇವಿನ ಗಿಡ. ಕಾಲಿನಿಂದ ಮಣ್ಣು ಕೆದಕಿದೆ. ಇಟ್ಟಿಗೆಯ ಹಾಗೆ ಗಟ್ಟಿ. ಇದು ನಾನು ಆಡಿದ ಮಣ್ಣಲ್ಲ, ಆಮೇಲೆ ತಂದು ಹಾಕಿದ್ದು, ಯಾರೂ ಆಡದೆ ಬಿಟ್ಟದ್ದು. ನಾನು ಆಡಿದ್ದು ಕಪಿಲೆಯ ಪಾಲಾಗಿ ಎಷ್ಟೋ ವರ್ಷ. ಮೆಟ್ಟಿಲ ಮೇಲೆ ಕುಳಿತೆ. ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಹೊರಗೆ ಟೀವಿಯ ಹಾಡು ಕೇಳುತ್ತಿತ್ತು. ಈ ಜಾಗದಲ್ಲಿ ಒಬ್ಬಳು ಹುಡುಗಿ ಪಲ್ಟಿ ಹೊಡೆಯುತ್ತಿದ್ದಳು ಅನ್ನುವುದನ್ನು ನನ್ನ ಬಿಟ್ಟರೆ ಹೇಳುವವನು ಇನ್ನೊಬ್ಬನೇ ಇದ್ದ. ಅವನು ಪೇಟೆಯಿಂದ ಬರಬೇಕಿತ್ತು.

ದೀಪ ಹಚ್ಚಿದ್ದು ಐದು ನಿಮಿಷದ ಕೆಲಸ. ಅಯ್ಯನವರಿಗೆ ಇನ್ನೊಂದು ಮನೆಗೆ ಹೋಗಬೇಕಿತ್ತು. ಆಂಜನೇಯನನ್ನು ಗೂಡಿನಿಂದ ಕಿತ್ತು ಹಿತ್ತಾಳೆ ತಟ್ಟೆಯಲ್ಲಿ ಇಟ್ಟುಕೊಂಡು ಪಡಸಾಲೆಗೆ ತಂದೆವು. ದೀಪದ ಹೊತ್ತು ಕಳೆದು ಊಟಕ್ಕೆ ಕೂತಾಗ ಮಳಿಗೆ ಕಟ್ಟುವ ಮೇಸ್ತ್ರಿಯೂ ಇದ್ದ. ಅಣ್ಣ ಸಂತೋಷವಾಗಿದ್ದ. ಸೊಟ್ಟ ತೋಳು ಬೀಸಿ ಬೀಸಿ ಮಾತಾಡುತ್ತಿದ್ದ.

“ಮೇಸ್ತ್ರಿ, ಒಂದ್ ಕಾಲ್ದಲ್ಲಿ ಈ ಗರಡೀಲಿ ಇಪ್ಪತ್ತು ಜೋಡಿ ಆಡೋರು. ಕೆಡಿಸ್ದೋಳು ಯಾರು ಗೊತ್ತಾ? ಇಗೋ, ಇಲ್ಲೇ ಕೂತ್ಕಂಡು ಮುದ್ದೆ ನುಂಗ್ತಾವ್ಳೆ.”

“ಅದೇನ್ ಮಾಡ್ಬುಟ್ರಿ ಅಮ್ಮಾರೆ?” ಮೇಸ್ತ್ರಿ ನಗುತ್ತಾ ಕೇಳಿದ.

ಅಣ್ಣ ಹೇಳಿದ. ಮಟ್ಟಿ, ಮೈಲಿಗೆ, ತೋಳು, ಗಾಡಿ. ಒಂದು ಕಡೆಯೂ ತಡವರಿಸಲಿಲ್ಲ. ಬಹಳ ಸಲ ಹೇಳಿ ನುಣುಪಾದ ಕಥೆ. ನಾನು ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿದೆ.

“ಅಣ್ಣ, ಇವತ್ತಾದ್ರೂ ದಿಟ ಏಳು. ಅದ್ರ ಮುಂಚಿನ ದಿನ ನೀನು ಸೇತುವೆಯಿಂದ ಹೊಳೆಗೆ ಆರಿದ್ದೆ. ತೋಳು ಊದುಸ್ಕಂಡು ಬಂದಿದ್ದೆ. ಕೊಟ್ಟಿಗೇಲಿ ಉಪ್ಪಿನ್ ಶಾಖ ಕೊಟ್ಟೋಳು ನಾನು.”

“ಆರಿದ್ದು ದಿಟ. ಪುಟ್ಸಾಮಿ ಜೊತೇಲಿ. ಆದ್ರೆ ಅದು ಆ ವರ್ಷ ಅಲ್ಲ ಕಣಮ್ಮಿ. ಅದ್ಕೂ ಮುಂಚೆ.”

“ಅದೇ ವರ್ಷ. ಅದೇ ವಾರ.”

“ಅಲ್ಲ ಕಣಮ್ಮಿ. ನಿಂಗೆ ಎಲ್ಲ ಕಲಸ್ಕಂಡದೆ.”

ನಾನು ಅವನ ಕಣ್ಣು ನೋಡಿದೆ. ಸುಳ್ಳು ಹೇಳುವಾಗ ಅಣ್ಣ ರೆಪ್ಪೆ ಬಡಿಯುತ್ತಿದ್ದ, ಚಿಕ್ಕಂದಿನಿಂದ. ಈಗ ಬಡಿಯಲಿಲ್ಲ. ಪಾಪದ ಎಮ್ಮೆಯ ಹಾಗೆ ನನ್ನನ್ನೇ ನೋಡುತ್ತಿದ್ದ. ಅವನಿಗೆ ನಿಜವಾಗಿಯೂ ಹಾಗೇ ನೆನಪಿತ್ತು. ಸುಳ್ಳು ಹೇಳಿದರೆ ಜಗಳ ಆಡಬಹುದು. ನಲವತ್ತೈದು ವರ್ಷ ಅದಕ್ಕೆ ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಮರೆತವನ ಹತ್ತಿರ ಏನು ಜಗಳ ಆಡುವುದು?

“ಬುಡಿ ಅತ್ಲಾಗೆ, ಊಟುದ್ ಒತ್ನಲ್ಲಿ,” ಅಂದಳು ಅತ್ತಿಗೆ. “ಯಾವ್ದೋ ಕಾಲುದ್ದು.”

ಅಣ್ಣ ಬಿಡಲಿಲ್ಲ. ನನ್ನನ್ನು ಸಮಾಧಾನ ಮಾಡಲಿಕ್ಕೆ ಹೋಗಿ, ಇದ್ದದ್ದನ್ನು ಇನ್ನೂ ಗಟ್ಟಿ ಮಾಡಲಿಕ್ಕೆ ಹೋಗಿ ಅಂದ:

“ನೀನೇ ಯೋಚ್ನೆ ಮಾಡು. ಮುಂಚಿನ ದಿನದ ಪೆಟ್ಟಾಗಿದ್ರೆ ಅಪ್ಪ ಮುಟ್ಟಿದೇಟ್ಗೆ ಏಳ್ತಿರ್ನಿಲ್ವಾ? ಅಪ್ಪನ್ ಬೆರಳ್ಗೆ ಗೊತ್ತಾಗ್ದೆ ಇದ್ದಾತಾ? ಇದು ಇವತ್ತಿನ ಏಟು, ಮಟ್ಟೀಲೇ ಬಿದ್ದದ್ದು ಅಂತ ಅಪ್ಪನೇ ಅಂದಿದ್ದು. ಎಲ್ಲಾ ಹುಡುಗ್ರ ಮುಂದೆ ಅಂದಿದ್ದು.”

ಅಪ್ಪ ಹಾಗೆ ಅಂದಿದ್ದ ಅನ್ನುವುದು ನನಗೆ ಗೊತ್ತಿರಲಿಲ್ಲ. ನಾನು ಗೋಡೆಗೆ ಒರಗಿ ನಿಂತಿದ್ದೆ, ಕೇಳಿಸಿದ್ದು ಮಟ್ಟಿ ತೆಗೀರಿ ಅನ್ನುವುದು ಮಾತ್ರ. ಅಣ್ಣನ ಮಾತು ಸರಿಯಾಗಿಯೇ ಇತ್ತು. ಅಪ್ಪನ ಬೆರಳಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಒಂದು ದಿನ ಹಳೆಯ ಊತ, ಶಾಖ ಕೊಟ್ಟ ಚರ್ಮ, ಅದರ ಮೇಲೆ ಬೆರಳಿಟ್ಟು ಅಷ್ಟು ಹೊತ್ತು ಕುಳಿತಿದ್ದನಲ್ಲ. ತಿಳಿದಿತ್ತು. ತಿಳಿದೇ ಕುಳಿತಿದ್ದ. ವಸ್ತಾದಿಯ ಮಗ ಜೋಡಿ ಕಟ್ಟಿದ ಮೇಲೆ ಪುಂಡಾಟಕ್ಕೆ ಹೋಗಿ ತೋಳು ಮುರಿದುಕೊಂಡ ಅಂದರೆ ನರಸೀಪುರದ ಎದುರು ತಲೆ ಎತ್ತುವ ಹಾಗಿರಲಿಲ್ಲ. ಮೈಲಿಗೆ ಅಂದರೆ ಯಾರೂ ತಿರುಗಿ ಮಾತಾಡುವುದಿಲ್ಲ. ಅವ್ವ ಬಾಗಿಲಿಗೆ ಬಂದು ಹೇಳಿದಳು, ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟವನ್ನು ನಾನು ಸಿಟ್ಟು ಅಂದುಕೊಂಡಿದ್ದೆ. ಸಿಟ್ಟಲ್ಲ ಅದು, ಲೆಕ್ಕ ಹಾಕುತ್ತಿದ್ದ. ಆಮೇಲೆ ಮೂರು ದಿನ ಒಳ್ಳೆಯ ಮಣ್ಣನ್ನು ತಾನೇ ಅಗೆದು ಹೊಳೆಗೆ ಕಳಿಸಿದ. ಹದಿನೇಳರ ಹುಡುಗ, ಹೇಗೂ ತಪ್ಪಿಸಿಕೊಂಡೆ ಅಂತ ಅಪ್ಪನ ಮಾತಿಗೆ ಜೋತುಬಿದ್ದ. ಹಿಡಿದುಕೊಂಡು ಹಿಡಿದುಕೊಂಡು ಕೊನೆಗೆ ಅದನ್ನೇ ನಂಬಿದ. ಇಷ್ಟು ವರ್ಷ ನಾನು ತಪ್ಪು ಮನುಷ್ಯನ ಮೇಲೆ ಸಿಟ್ಟು ಹಿಡಿದು ಕೂತಿದ್ದೆ. ಏನೂ ತಿಳಿಯದವನು ಅಂತ ಯಾರಿಗೋಸ್ಕರ ಎದೆ ಬಡಿದುಕೊಂಡು ಅತ್ತಿದ್ದೆನೋ ಅವನಿಗೇ ಎಲ್ಲ ತಿಳಿದಿತ್ತು.

ಇದನ್ನು ಊಟದ ಜಾಗದಲ್ಲಿ ಹೇಳಲಿಲ್ಲ. ಮದುವೆಯಾದ ಮೇಲೆ ಮೊದಲನೆಯ ಸಲ ಮಾತು ಬಂದಾಗ ನುಂಗಿದೆ. ಹೇಳಿದ್ದರೆ ಅಣ್ಣ ನಂಬುತ್ತಿರಲಿಲ್ಲ. ನಂಬಿದ್ದರೆ ಅವನಿಗೆ ಅಪ್ಪ ಇಲ್ಲದ ಹಾಗಾಗುತ್ತಿತ್ತು. ಮೇಸ್ತ್ರಿ ಸಾರು ಚೆನ್ನಾಗಿದೆ ಅಂದ. ಅತ್ತಿಗೆ ಇನ್ನೊಂದು ಸೌಟು ಹಾಕಿದಳು. ಅಣ್ಣ ನನ್ನ ತಟ್ಟೆ ನೋಡಿ ಯಾಕೆ ಬಿಟ್ಟೆ, ತಿನ್ನು ಅಂದ, ನಿಜವಾದ ಅಕ್ಕರೆಯಿಂದಲೇ ಅಂದ. ತಿಂದೆ. ಅನ್ನ ಚೆಲ್ಲುವವಳಲ್ಲ ನಾನು. ಆದರೆ ಅದೇ ಮನೆಯ ಅದೇ ಪಡಸಾಲೆಯಲ್ಲಿ, ನನ್ನ ಒಡಹುಟ್ಟಿದವನ ಪಕ್ಕದಲ್ಲಿ ಕೂತು, ಆ ದಿನ ನಡೆದದ್ದನ್ನು ಬಲ್ಲವಳು ಇನ್ನು ಈ ಲೋಕದಲ್ಲಿ ನಾನೊಬ್ಬಳೇ ಅನ್ನುವುದು ಅರಿವಾಯಿತು. ಪುಟ್ಟಸ್ವಾಮಿ ಸತ್ತು ಹತ್ತು ವರ್ಷ. ಅವ್ವ ಇಲ್ಲ. ಅಪ್ಪ ಇಲ್ಲ. ಅಣ್ಣ ಎದುರಿಗೇ ಇದ್ದ, ಇದ್ದೂ ಇರಲಿಲ್ಲ. ನಾನು ಸತ್ತರೆ ಅದು ನಡೆಯಲೇ ಇಲ್ಲ. ಮಲಗಿದವಳಿಗೆ ನಿದ್ದೆ ಬಂತು, ಬರಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬಸ್ಸಿನ ಆಯಾಸ.

ಎದ್ದಾಗ, ರಾತ್ರಿ ನುಂಗಿದ್ದನ್ನು ನನ್ನ ಜೊತೆಗೇ ಸಾಯಲು ಬಿಡಬಾರದು ಅನ್ನಿಸಿತು. ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಅತ್ತಿಗೆಯ ಪ್ಲಾಸ್ಟಿಕ್ ಕೊಡ ಎತ್ತಿಕೊಂಡು ಬೀದಿ ನಲ್ಲಿಗೆ ಹೋದೆ. ಎರಡು ದಿನಕ್ಕೊಮ್ಮೆ ನೀರು ಬಿಡುತ್ತಿದ್ದ ಕಾಲ, ಆಗಲೇ ಹತ್ತು ಹನ್ನೆರಡು ಹೆಂಗಸರು ಕೊಡ ಸಾಲಿಗಿಟ್ಟು ನಿಂತಿದ್ದರು. ನನಗೆ ಒಬ್ಬಳ ಗುರುತೂ ಇಲ್ಲ. ನಾನು ಈ ಮನೆಯ ಮಗಳು, ನಂಜಮ್ಮ ಅಂತ ಹೇಳಿ ಶುರು ಮಾಡಿದೆ.

“ಈ ಹಿಂದುಗಡೆ ಗರಡಿ ಅದಲ್ಲ, ಅದು ನನ್ನಿಂದ ಕೆಟ್ಟದ್ದಲ್ಲ. ಕೇಳ್ಕಳಿ.”

“ಯಾವ ಗರಡಿ ಅಮ್ಮ?” ನೈಟಿ ಹಾಕಿಕೊಂಡಿದ್ದ ಒಬ್ಬಳು ಕೇಳಿದಳು. “ಆ ಸಿಮೆಂಟು ಗೋಡೌನಾ?”

“ಹೂಂ. ಅದೇಯ.”

ಹೇಳಿದೆ. ಸೇತುವೆ ಹೇಳಿದೆ, ಊದಿದ ತೋಳು ಹೇಳಿದೆ, ಸೊಪ್ಪಿನ ಗುಡಿಸಲು ಹೇಳಿದೆ. ಅಪ್ಪನ ಬೆರಳಿಗೆ ತಿಳಿದಿತ್ತು ಅನ್ನುವುದನ್ನೂ ಬಿಡಲಿಲ್ಲ, ಅಪ್ಪನ ಹೆಸರು ಹಿಡಿದೇ ಹೇಳಿದೆ. ಅಣ್ಣ ಹತ್ತು ಹೆಜ್ಜೆಯಾಚೆ ಜಗುಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದ. ಅವನಿಗೆ ಕೇಳಲಿ ಅಂತಲೇ ದನಿ ಏರಿಸಿದ್ದೆ. ಅವನು ಪೇಪರನ್ನು ಕೆಳಗಿಡಲಿಲ್ಲ. ಪುಟವನ್ನೂ ತಿರುವಲಿಲ್ಲ. ಹೆಂಗಸರಲ್ಲಿ ಒಬ್ಬಳು ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು, ಇಬ್ಬರು ನಕ್ಕರು, ಉಳಿದವರು ನಲ್ಲಿಯನ್ನೇ ನೋಡುತ್ತಿದ್ದರು. ನಾನು ಇನ್ನೂ ಗಾಡಿ ಹೊಳೆಗೆ ಹೋದದ್ದರಲ್ಲಿ ಇದ್ದೆ, ನಲ್ಲಿ ಬುಸ್ ಅಂತ ಗಾಳಿ ಬಿಟ್ಟು ಕೆಮ್ಮಿತು. ಎಲ್ಲರೂ ಒಟ್ಟಿಗೆ ಕೊಡಕ್ಕೆ ಬಗ್ಗಿದರು. ಹಿಂದಿನವಳು ನನ್ನ ಬೆನ್ನು ತಟ್ಟಿ, ಮುಂದಕ್ಕೆ ಹೋಗಮ್ಮ, ಸಾಲು ತಪ್ಪುತ್ತೆ ಅಂದಳು. ಕೊಡವನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಾ, ಉಳಿದದ್ದನ್ನು ಅವಳಿಗೊಬ್ಬಳಿಗೇ ಹೇಳಿ ಮುಗಿಸಿದೆ.